ಒಂದೂವರೆ ಕೈಯ ಪಿಸ್ತೂಲು

ಹಪ್ಪಳ, ಸಂಡಿಗೆ, ಅರಿಶಿನದ ಕೊಂಬು ಬಿಸಿಲಿಗಿಡುವವರನ್ನು ನೀವು ನೋಡಿರುತ್ತೀರಿ. ಪಿಸ್ತೂಲನ್ನು ಬಿಸಿಲಿಗಿಟ್ಟವರನ್ನು ನೋಡಿದ್ದೀರಾ? ನಾನು ನೋಡಿದ್ದೇನೆ. ಅದೂ ಹೊರಗಿನವರಲ್ಲ, ನನ್ನ ಸ್ವಂತ ಸೋದರಮಾವ!

ಮಾವನ ಹೊಲ ಗುಂಡ್ಲುಪೇಟೆಯಾಚೆ, ಕಾಡಿನ ಅಂಚಿಗೆ. ಬೆಳೆಗೆ ಬೀಳುವ ಹಂದಿ ಓಡಿಸಲೆಂದು ಅವರಪ್ಪನ ಕಾಲದ ಜೋಡುನಳಿಗೆ ಬಂದೂಕು ಮನೆಯಲ್ಲಿತ್ತು. ಹೋದ ವರ್ಷ ಲಕ್ವ ಹೊಡೆದು ಮಾವನ ಎಡಗೈ ಕೈಕೊಟ್ಟಿತು. ಡಾಕ್ಟರು ರಬ್ಬರ್ ಚೆಂಡೊಂದನ್ನು ಕೊಟ್ಟು, ದಿನಾ ಹಿಸುಕಿ, ಬೆರಳು ಮತ್ತೆ ಮಡಚಿದರೂ ಮಡಚೀತು ಎಂದರು. "ನಾನೇನು ಎಳೇ ಕೂಸ್ಲಾ?" ಎಂದು ಮಾವ ಮನೆಗೆ ಬಂದು ಅದನ್ನು ನಾಯಿಗೆ ಎಸೆದರು. ನಾಯಿಯ ದವಡೆ ಗಟ್ಟಿಯಾಯಿತು. ಮಾವನ ಕೈ ಹಾಗೇ ಉಳಿಯಿತು.

ಬಂದೂಕು ಎತ್ತಲಾಗುವುದಿಲ್ಲ, ಬಿಡಲು ಮನಸ್ಸಿಲ್ಲ. ಅದನ್ನು ಕೊಟ್ಟು ಪಿಸ್ತೂಲು ಕೊಳ್ಳಲು ಅನುಮತಿ ಕೇಳಿಕೊಂಡು ಚಾಮರಾಜನಗರದ ಕಚೇರಿಗೆ ಅಲೆದರು. ಜೊತೆಗೆ ನಾನು. "ಈ ವಯಸ್ಸಲ್ಲಿ ಪಿಸ್ತೂಲ್ ಯಾಕೆ ಯಜಮಾನ್ರೇ?" ಎಂದರು ಅಧಿಕಾರಿ.

"ಬಂದೂಕ ಎತ್ತಕ್ಕ ಎರಡ್ ಕೈ ಬೇಕು ಸಾ. ನನ್ ತಾವ ಇರದು ಒಂದೂವರೆ."

ಅಧಿಕಾರಿ ನಕ್ಕರು. ಮಾವ ನಗಲಿಲ್ಲ. ಆ ಅರ್ಧ ಕೈಯ ಸಂಕಟ ಅವರೊಬ್ಬರಿಗೇ ಗೊತ್ತಿತ್ತು. ಅವರೊಬ್ಬರಿಗೇ ಎಂದೆನೇ? ತಪ್ಪು, ಅತ್ತೆಗೂ ಗೊತ್ತಿತ್ತು. ಮದುವೆಯಾದಾಗಿನಿಂದ ಪ್ರತಿ ಶುಕ್ರವಾರ ಹಿತ್ತಲಿನ ಕಾಕಡ ಮೊಗ್ಗು ಬಿಡಿಸಿ, ಕಟ್ಟಿ, ಅತ್ತೆಯ ಮುಡಿಗೆ ಕೊಡುವುದು ಮಾವನ ಕೆಲಸ. ಗಂಡಸು ಹೂ ಕಟ್ಟುವುದೇ ಎಂದು ಊರು ಆಡಿಕೊಂಡರೂ ಬಿಟ್ಟವರಲ್ಲ. ಈಗ ಮೊಗ್ಗುಗಳು ಗಿಡದಲ್ಲೇ ಅರಳಿ ಉದುರುತ್ತಿದ್ದವು. ಅತ್ತೆ ಪೇಟೆಯ ಹೂವನ್ನು ಮುಡಿಯದೆ ದೇವರ ಪಟಕ್ಕೆ ಹಾಕಿಬಿಡುತ್ತಿದ್ದರು.

ಅಂತೂ ಪಿಸ್ತೂಲು ಬಂತು. ಬಂದ ಮೇಲೆ ಗೊತ್ತಾಯಿತು ನೋಡಿ, ಅದಕ್ಕೂ ಎರಡು ಕೈ ಬೇಕು! ಒಂದು ಕೈಯಲ್ಲಿ ಹಿಡಿಕೆ ಹಿಡಿದು, ಇನ್ನೊಂದರಲ್ಲಿ ಮೇಲಿನ ಸ್ಲೈಡನ್ನು ಹಿಂದಕ್ಕೆಳೆದರೆ ತಾನೇ ಮೊದಲ ಗುಂಡು ಒಳಗೆ ಕೂರುವುದು? ಹೊಸ ಸ್ಪ್ರಿಂಗು ಬೇರೆ, ನನಗೇ ಬಗ್ಗಲಿಲ್ಲ. ವಾಪಸು ಕೊಟ್ಟುಬಿಡೋಣ ಎಂದೆ. ಅಂಗಡಿಯವರು ಮಾತ್ರ, "ಫ್ಯಾಕ್ಟರಿ ಗ್ರೀಸ್ ಒರೆಸಿ, ಎಣ್ಣೆ ಬಿಟ್ಟು, ಗುಂಡಿಲ್ಲದೆ ದಿನಾ ಎಳೀತಾ ಇರಿ, ಸಡಿಲ ಆಗುತ್ತೆ" ಎಂದಿದ್ದರು.

"ಹೋರಿಕರ ಪಳಗಿಸ್ದವ್ನು ಕಣ್ಲಾ ನಾನು. ಇದ್ಯಾವ ಲೆಕ್ಕ ಬುಡು!"

ಅಲ್ಲಿಂದ ಶುರುವಾಯಿತು. ಗುಂಡುಗಳು ಅತ್ತೆಯ ಟ್ರಂಕಿನಲ್ಲಿ, ಬೀಗದ ಕೈ ಅತ್ತೆಯ ಸೊಂಟದಲ್ಲಿ. ಬೆಳಿಗ್ಗೆ ಜಗಲಿಯ ಮೇಲೆ ಹಳೇ ಪಂಚೆ ಹಾಸಿ ಮಾವ ಕೂರುವರು. ಖಾಲಿ ಇದೆಯೇ ಎಂದು ಇಣುಕಿ, ಮತ್ತೆ ಇಣುಕಿ, ನನ್ನ ಕೈಲೂ ಇಣುಕಿಸುವರು. ಖಾಲಿಯಿದ್ದರೂ ಮೂತಿಯನ್ನು ಜನರ ಕಡೆ ತಿರುಗಿಸಬಾರದಲ್ಲ? ಗೋಡೆಗೆ ತಿರುಗಿಸೋಣವೆಂದರೆ ದೇವರಿಲ್ಲದ ಗೋಡೆಯೇ ಆ ಮನೆಯಲ್ಲಿಲ್ಲ. ಕೊನೆಗೆ ಮೂಲೆಯ ರಾಗಿ ಮೂಟೆಯ ಕಡೆ ಎಂದಾಯಿತು. "ರಾಗಿಗೇನಾರ ಆದ್ರ ಉಪಾಸ ಬೀಳಿ ಇಬ್ರೂವೆ" ಎಂದರು ಅತ್ತೆ.

ಬಿಚ್ಚುವುದು, ಒರೆಸುವುದು, ಜೋಡಿಸುವುದು. ಎಡಗೈ ಬೆರಳಿಗೆ ಏನೂ ಸಿಗದು, ಸಿಕ್ಕರೂ ನಿಲ್ಲದು. ಒಂದು ದಿನ ಸ್ಪ್ರಿಂಗು ಟಣ್ಣನೆ ಹಾರಿ ಅತ್ತೆಯ ಸೊಪ್ಪಿನ ಮೊರಕ್ಕೆ ಬಿತ್ತು. "ಇದ್ನೂ ಸಾರಿಗೆ ಹಾಕ್ಲಾ?" ಎಂದರು ಅತ್ತೆ. ಮಾವನಿಗೆ ಸಿಟ್ಟು ಬಂತು, ಆದರೆ ಮರುದಿನ ಮತ್ತೆ ಪಂಚೆ ಹಾಸಿದರು. ಬರಬರುತ್ತಾ ಎಡಗೈಗೆ ಸ್ಲೈಡು ಒಂದಿಷ್ಟು ಹಿಂದೆ ಸರಿಯತೊಡಗಿತು. ಸಡಿಲವಾಗುತ್ತಿರುವುದು ಪಿಸ್ತೂಲೋ ಕೈಯೋ ಎಂದು ನಾನು ಕೇಳಲಿಲ್ಲ.

ಹಾಗಿರುವಾಗ ಚಳಿಗಾಲ ಬಂತು. ಗೋಪಾಲಸ್ವಾಮಿ ಬೆಟ್ಟದ ಮಂಜು ಮಾವನ ಹೊಲದವರೆಗೂ ಇಳಿದಿದ್ದ ಒಂದು ಬೆಳಿಗ್ಗೆ ಮಾವ ಎಳೆಯುತ್ತಾರೆ, ಸ್ಲೈಡು ಜಪ್ಪಯ್ಯ ಅನ್ನಲಿಲ್ಲ! ಹಲ್ಲು ಕಚ್ಚಿ ಎಳೆದರೂ ಇಲ್ಲ. ಪಿಸ್ತೂಲನ್ನು ಪಂಚೆಯ ಮೇಲಿಟ್ಟು, ಎಡಗೈಯನ್ನೇ ದಿಟ್ಟಿಸುತ್ತಾ ಕೂತರು.

"ಓಯ್ತು ಕಣ್ಲಾ. ಬಂದಿದ್ ಕೈ ವಾಪಸ್ ಓಯ್ತು."

ಅಷ್ಟರಲ್ಲಿ ಅತ್ತೆ ತಲೆಗೆ ಹಚ್ಚುವ ಎಣ್ಣೆಯ ಬಾಟಲಿಯನ್ನು ಕಾಯಿಸಲು ಆಗಷ್ಟೇ ಬಿದ್ದ ಬಿಸಿಲಿಗೆ ತಂದರು. ಒಳಗೆ ಕೊಬ್ಬರಿ ಎಣ್ಣೆ ಬೆಣ್ಣೆಯಂತೆ ಗಟ್ಟಿಯಾಗಿತ್ತು. ಅವರು ಒಮ್ಮೆ ಬಾಟಲಿ ನೋಡಿದರು, ಒಮ್ಮೆ ಪಿಸ್ತೂಲು ನೋಡಿದರು. "ಅದ್ಕ ಯಾವ ಎಣ್ಣ ಬುಟ್ರಿ?"

ಯಾವುದು? ಅವರಪ್ಪನ ಬಂದೂಕಿಗೆ ಬಿಡುತ್ತಿದ್ದ ಕೊಬ್ಬರಿ ಎಣ್ಣೆಯೇ, ಅದೂ ಧಾರಾಳವಾಗಿ! ಹಳೇ ಬಂದೂಕು ಸಡಿಲ, ಏನು ಬಿಟ್ಟರೂ ನುಂಗಿಕೊಳ್ಳುತ್ತಿತ್ತು. ಹೊಸ ಪಿಸ್ತೂಲು ಬಿಗಿ, ಚಳಿಗೆ ಎಣ್ಣೆ ಹೆಪ್ಪುಗಟ್ಟಿ ಕೂತಿತ್ತು. ಅತ್ತೆ ಸೆರಗು ಬಾಯಿಗಿಟ್ಟು ನಕ್ಕೇ ನಕ್ಕರು. ಬಾಟಲಿಯ ಪಕ್ಕ ಪಿಸ್ತೂಲು, ಎರಡೂ ಬಿಸಿಲಿಗೆ. ಎಣ್ಣೆ ಕರಗಿದ ಮೇಲೆ ಒರೆಸಿ ಎಳೆದರೆ, ಕಟಕ್! ಮಾವ ಎದ್ದು ಹಿತ್ತಲಿಗೆ ಹೋದರು.

ಆಮೇಲೆ ಸರಿಯಾದ ಎಣ್ಣೆ ತಂದು, ಮೈಸೂರಿನ ಗುರಿ ಅಭ್ಯಾಸದ ಮೈದಾನಕ್ಕೆ ಕರೆದೊಯ್ದೆ. ಅತ್ತೆ ಕೀಲಿ ಕೊಟ್ಟರು. ಮಾವ ಎಡಗೈಯಲ್ಲಿ ಸ್ಲೈಡು ಎಳೆದು ಹೊಡೆದರು. ಕಾಗದದ ಗುರಿಗೆ ಒಂದೂ ತಾಗಲಿಲ್ಲ. ತರಬೇತಿಯ ಹುಡುಗ ಪಾಪ ಸಮಾಧಾನ ಹೇಳಬಂದ. "ಅದಿರ್ಲಿ ಮಗ, ಎಳ್ದಿದ್ದು ಯಾವ ಕೈಲಿ ನೋಡ್ದಾ?" ಎಂದರು ಮಾವ.

ಮುಂದಿನ ಶುಕ್ರವಾರ ಹೋದಾಗ ಜಗಲಿಯ ಮೇಲೆ ಅದೇ ಪಂಚೆ. ಪಿಸ್ತೂಲು ಎಂದುಕೊಂಡು ಹತ್ತಿರ ಹೋದರೆ ಕಾಕಡ ಮೊಗ್ಗಿನ ರಾಶಿ! ಎಡಗೈ ಬೆರಳಲ್ಲಿ ಮೊಗ್ಗು ನಡುಗುತ್ತಿದ್ದವು, ಆದರೆ ಬೀಳಲಿಲ್ಲ. ಬಲಗೈ ದಾರ ಸುತ್ತುತ್ತಿತ್ತು.

"ಪಿಸ್ತೂಲ್ ಎಲ್ಲಿ ಮಾವ?"

"ಟ್ರಂಕಲ್ಲದ. ಪಳಗ್ತು ಕಣ್ಲಾ, ಇನ್ನ್ಯಾಕ ಅದು?"

ಅತ್ತೆ ಬಂದು ಬೆನ್ನು ತಿರುಗಿಸಿ ಕೂತರು. ಮಾವ ಮುಡಿಸಿದರು. ಅತ್ತೆ ಕೈಯಾಡಿಸಿ ನೋಡಿ, "ಅರ್ಧ ಮೊಗ್ಗು ತಲಕೆಳಗಾಗವಲ್ಲ" ಎಂದರು. ಬಿಚ್ಚಿ ಸರಿಯಾಗಿ ಕಟ್ಟುತ್ತೇನೆಂದು ಮಾವ ಕೈ ಚಾಚಿದರೆ, ಅತ್ತೆ ಮುಡಿಯನ್ನು ಎರಡೂ ಕೈಯಿಂದ ಮುಚ್ಚಿಕೊಂಡು ಅಳತೊಡಗಿದರು.

"ಮುಟ್ಬ್ಯಾಡಿ. ಇಂಗೇ ಇರ್ಲಿ."