ಮಾವನ ಹಬ್ಬದ ಕಾರಣಗಳು

ನಮ್ಮ ಸೋದರಮಾವನಿಗೆ ಗೊತ್ತಿಲ್ಲದ ಹಬ್ಬ ಭೂಮಿಯ ಮೇಲಿಲ್ಲ. ಇದ್ದರೆ, ಅದು ಹಬ್ಬವೇ ಅಲ್ಲ ಎಂದು ಅವರೇ ಸಾಬೀತು ಮಾಡಿಬಿಡುತ್ತಾರೆ! ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಅವರದು ಒಂದೇ ಉದ್ಯೋಗ. ಹಬ್ಬದ ದಿನ ಅತ್ತಿಗುಪ್ಪೆಯಿಂದ ಹೊರಟು, ನೆಂಟರ ಮನೆ ಹೊಕ್ಕು, ಪ್ರತಿ ಆಚರಣೆಗೂ ಒಂದು ವೈಜ್ಞಾನಿಕ ಕಾರಣ ಹೇಳುವುದು. ಎಲೆ ಹಾಕುವುದು ಅದರ ನಂತರವೇ. ಅಷ್ಟರಲ್ಲಿ ಪಾಯಸ ಆರಿಹೋದರೆ ಯಾರ ತಪ್ಪು?

ಒಂದು ಯುಗಾದಿಗೆ ಹೇರೋಹಳ್ಳಿಯ ನಮ್ಮ ಮನೆಗೆ ಬಂದವರು ಬಾಗಿಲಲ್ಲೇ ನಿಂತು ನನ್ನ ಹೆಂಡತಿಗೆ ಪಾಠ ಶುರು ಮಾಡಿದರು.

"ಮಾವಿನ ತೋರಣ ಯಾಕೆ ಕಟ್ತಾರೆ ಗೊತ್ತೇನಮ್ಮಾ? ಹಸಿ ಎಲೆ ಗಾಳಿ ಶುದ್ಧ ಮಾಡುತ್ತೆ."

"ಮಾವ, ಅದು ಪ್ಲಾಸ್ಟಿಕ್ಕು."

ಮಾವ ಕಣ್ಣು ಕೂಡ ಮಿಟುಕಿಸಲಿಲ್ಲ. "ಅದೂ ಸರೀನೇ. ನೊಣಗಳಿಗೆ ಕನ್‌ಫ್ಯೂಸ್ ಆಗುತ್ತೆ!"

ಇನ್ನೊಮ್ಮೆ ಗಣೇಶನ ಹಬ್ಬಕ್ಕೆ, ಉಲ್ಲಾಳದಲ್ಲಿರುವ ನನ್ನ ತಂಗಿಯ ಅಪಾರ್ಟ್‌ಮೆಂಟಿನವರು ಪಾಪ, ಗೊತ್ತಿಲ್ಲದೆ ಮಾವನ ಕೈಗೆ ಮೈಕು ಕೊಟ್ಟರು.

"ಗಣಪತೀನ ಕೆರೇಲಿ ಯಾಕೆ ಬಿಡ್ತಾರೆ? ಕೆರೆ ಮಣ್ಣು ಕೆರೆಗೇ ವಾಪಸ್ ಹೋಗ್ಲಿ ಅಂತ!"

"ಸಾರ್, ನಾವು ಡ್ರಮ್ಮಲ್ಲಿ ಬಿಡೋದು" ಎಂದರು ಒಬ್ಬ ಆಂಟಿ.

"ಡ್ರಮ್ಮೇ ಈಗಿನ ಕೆರೆ ಕಣ್ರೀ. ಇದ್ದ ಕೆರೆ ಮೇಲೆ ನೀವೆಲ್ಲ ಫ್ಲ್ಯಾಟ್ ತಗೊಂಡಿದೀರಲ್ಲ!"

ಸೆಕ್ರೆಟರಿಯೇ ಎದ್ದು ಬಂದು ಮೈಕಿನ ವೈರು ಕಿತ್ತರು.

ಈ ವರ್ಷ ಭೀಮನ ಅಮಾವಾಸ್ಯೆ ಬಂತು. ಹೆಂಡತಿಯರು ಗಂಡಂದಿರ ಪಾದಪೂಜೆ ಮಾಡುವ ದಿನ. ಮನೆಯಲ್ಲಿ ನನ್ನ ಮಾತಿಗೆ ಎಂದೂ ಇಲ್ಲದ ಬೆಲೆ ಅಂದು ನನ್ನ ಪಾದಕ್ಕೆ! ಆದರೆ ಅಪ್ಪನ ವರ್ಷದ ಕಾರ್ಯ ಮುಗಿದ ಮೇಲೆ ಇದೇ ಮೊದಲ ಭೀಮನ ಅಮಾವಾಸ್ಯೆ. "ಇವತ್ತು ನಾನು ಎದುರಿಗೆ ಬರಬಾರದು ಕಣಪ್ಪಾ" ಎಂದು ಅಮ್ಮ ಕೋಣೆಯ ಬಾಗಿಲು ಹಾಕಿಕೊಂಡಿದ್ದಳು. ನಾವು ಎಷ್ಟು ಕರೆದರೂ ಬರಲಿಲ್ಲ.

ಮಾವ ಬಂದು ಆ ಬಾಗಿಲ ಮುಂದೆ ನಿಂತರು.

"ಅಕ್ಕಾ, ಈ ವ್ರತ ಮೊದಲು ಮಾಡಿದೋಳು ಯಾರು?"

"ಕಥೇಲಿ ಬರೋ ಹುಡುಗಿ ಕಣೋ" ಎಂದಳು ಅಮ್ಮ ಒಳಗಿನಿಂದ. "ಸತ್ತ ರಾಜಕುಮಾರನಿಗೆ ಕೊಟ್ಟು ಮದುವೆ ಮಾಡಿದ್ರಲ್ಲ, ಅವಳು."

"ಪೂಜೆಗೆ ಕೂತಾಗ ಅವಳ ಗಂಡ ಬದುಕಿದ್ನಾ?"

ಮಾವ ಬಾಗಿಲಿಗೆ ಇನ್ನಷ್ಟು ಹತ್ತಿರ ಸರಿದರು.

"ಹೆಣದ ಪಕ್ಕ ಮಣ್ಣಿನ ದೀಪ ಹಚ್ಚಿಟ್ಟು ಮಾಡಿದ್ಲು ಅಕ್ಕಾ. ನೀನು ಬರಬಾರದು ಅಂತ ಅವಳಿಗೆ ಯಾರೂ ಹೇಳ್ಲಿಲ್ಲ. ಶಿವ ಪಾರ್ವತೀನೇ ಅವಳ ಹತ್ರ ಬಂದ್ರು."

ಒಳಗೆ ನಾಣ್ಯವಿಟ್ಟ ಕಡುಬನ್ನು ಹೊಸಿಲ ಮೇಲಿಟ್ಟು, ಅಕ್ಕತಂಗಿಯರಿಗಾಗಿ ಅಣ್ಣತಮ್ಮಂದಿರು ಮೊಣಕೈಯಿಂದ ಒಡೆಯುವುದು ಈ ಹಬ್ಬದ ಪದ್ಧತಿ. ಮಾವ ನನ್ನ ಹೆಂಡತಿಯಿಂದ ಒಂದು ಕಡುಬು ಕೇಳಿ ಪಡೆದು, ಅಮ್ಮನ ಕೋಣೆಯ ಹೊಸಿಲ ಮೇಲೆಯೇ ಇಟ್ಟು ಕೂತರು.

"ಬಾಗಿಲು ತೆಗಿ. ಅಕ್ಕ ಇಲ್ದೆ ನಾನು ಯಾರಿಗೋಸ್ಕರ ಒಡೀಲಿ?"

ಚಿಲಕದ ಸದ್ದಾಯಿತು, ಬಾಗಿಲು ತೆರೆಯಿತು. ಮಾವ ಬಗ್ಗಿ ಕಡುಬು ಒಡೆದರು. ಅಮ್ಮ ಅವರ ಬೆನ್ನ ಮೇಲೆ ಕೈಯಿಟ್ಟು, "ನೂರು ವರ್ಷ ಬಾಳಪ್ಪಾ" ಎಂದಳು. ಕಡುಬು ಒಡೆದು ಎಷ್ಟೋ ಹೊತ್ತಾದರೂ ಮಾವ ತಲೆಯೆತ್ತಲಿಲ್ಲ.