ಗೋಳಿಮರದಡಿಯ ಬೆಲ್ಲ-ನೀರು

ಪುಣ್ಯದ ಕೆಲಸಕ್ಕೆ ಹೊರಟವನಿಗೆ ದಾರಿಯಲ್ಲಿ ಎಲ್ಲಾದರೊಂದು ಕಡೆ ನಗೆಪಾಟಲು ಕಾದೇ ಇರುತ್ತದೆ. ಇದು ಇಷ್ಟು ವರ್ಷ ಬಾಳಿ ನಾನು ಕಂಡುಕೊಂಡ ಸಂಗತಿ. ದೇವರು ನಮ್ಮ ಸೇವೆಯನ್ನು ಕೈನೀಡಿ ತೆಗೆದುಕೊಳ್ಳುವ ಮೊದಲು ಒಮ್ಮೆ ನಕ್ಕುಬಿಡುತ್ತಾನೋ ಏನೋ. ಆದರೆ ಈಗ ಹೇಳುವ ಪ್ರಸಂಗಗಳು ನಡೆಯುವಾಗ ನಮಗೆ ಯಾರಿಗೂ ನಗು ಬಂದಿರಲಿಲ್ಲ.

ಆಣೆ ಹೋಗಿ ನಯಾಪೈಸೆ ಬಂದ ಕಾಲ. ನಮ್ಮ ಮನೆ ಸಿದ್ಧಕಟ್ಟೆಯಿಂದ ಮೂಡಬಿದ್ರೆಗೆ ಹೋಗುವ ರಸ್ತೆಯ ಬದಿಯಲ್ಲಿತ್ತು. ಆ ಬೇಸಿಗೆಯಲ್ಲಿ ಅಕ್ಕ ಹೆರಿಗೆಗೆ ಬಂದಿದ್ದಳು. ಹಿಂದಿನ ಎರಡು ಸಲವೂ ಕೂಸು ಉಳಿದಿರಲಿಲ್ಲ. ಅಜ್ಜಿ ಪೊಳಲಿಗೆ ಹೋಗಿ ಅಮ್ಮನವರ ಮುಂದೆ ಹರಕೆ ಹೇಳಿಕೊಂಡು ಬಂದರು: ಬಿಸು ಹಬ್ಬದಿಂದ ಪತ್ತನಾಜೆಯವರೆಗೆ, ಅಂದರೆ ಉರಿಬೇಸಿಗೆಯ ನಲವತ್ತು ದಿನ, ಬಾಯಾರಿದವರು ಯಾರೂ ನಮ್ಮ ಮನೆಯೆದುರಿನಿಂದ ಹಾಗೇ ಹೋಗಬಾರದು, ಬಂದವರಿಗೆ ಬೆಲ್ಲ-ನೀರು ಕೊಡುವುದು. ಅಕ್ಕನಿಗೆ ದಿನ ತುಂಬುವುದೂ ಪತ್ತನಾಜೆಯ ಹೊತ್ತಿಗೇ.

ರಸ್ತೆಬದಿಯ ಗೋಳಿಮರದ ಅಡಿಯಲ್ಲಿ ತೆಂಗಿನ ಮಡಲಿನ ಚಪ್ಪರ ಎದ್ದಿತು. ದೊಡ್ಡ ಮಣ್ಣಿನ ಮಡಕೆ, ಅಚ್ಚುಬೆಲ್ಲದ ಡಬ್ಬಿ ಬಂದವು. ನೀರು ಕೊಡುವವರು ಯಾರು? ಎಂಟನೇ ಕ್ಲಾಸಿನ ಪರೀಕ್ಷೆ ಮುಗಿಸಿ ಗೇರುಮರ ಹತ್ತಿಕೊಂಡಿದ್ದ ನಾನು. ನನ್ನೊಬ್ಬನಿಂದ ಆಗಲಿಕ್ಕಿಲ್ಲವೆಂದು ಇಬ್ಬರು ಗೆಳೆಯರು ತಾವಾಗಿಯೇ ಸೇರಿಕೊಂಡರು. ಒಬ್ಬ ದರ್ಜಿಯ ಮಗ. ಕೈಕಾಲು ಬಹಳ ಚುರುಕು. ಇನ್ನೊಬ್ಬ ನಮ್ಮ ಶಾಲೆಯ ಮಾಸ್ಟ್ರ ಮಗ. ಅವನಿಗೆ ಚುರುಕಾಗಿದ್ದದ್ದು ಬಾಯಿ. ಎಲ್ಲದಕ್ಕೂ ಒಂದು ನಿಯಮ ಹೇಳುವವ.

ಅಜ್ಜಿ ಮೂವರನ್ನೂ ನಿಲ್ಲಿಸಿ ಹೇಳಿದರು: "ಇದು ಆಟ ಅಲ್ಲ ಮಕ್ಕಳೇ. ಒಬ್ಬ ಹಾಗೇ ಹೋದರೂ..." ಜಗಲಿಯಲ್ಲಿ ಕುಳಿತಿದ್ದ ಅಕ್ಕನ ಕಡೆ ಒಮ್ಮೆ ನೋಡಿದರು. ನಮಗೆ ಅಷ್ಟು ಸಾಕಾಯಿತು.

ಬಾಯಾರಿಕೆ ತಂದ ಬಗೆ

ಮೊದಲ ದಿನ ಮಧ್ಯಾಹ್ನವಾದರೂ ಒಬ್ಬರೂ ಬರಲಿಲ್ಲ. ಬಿಸು ಹಬ್ಬ. ದಾರಿಯಲ್ಲಿ ಹೋಗುವವರೆಲ್ಲ ಯಾರದೋ ಮನೆಯಲ್ಲಿ ಪಾಯಸ ಉಂಡು, ಎಳನೀರು ಕುಡಿದು ತೇಗುತ್ತ ಹೋಗುವವರೇ. "ನೀರು ಬೇಕಾ?" ಎಂದರೆ "ಹೊಟ್ಟೆಯಲ್ಲಿ ಜಾಗ ಇಲ್ಲ ಮಾರಾಯ" ಎನ್ನುವರು.

ನನಗೆ ಅಳು ಬರುವ ಹಾಗಾಯಿತು. ಮೊದಲ ದಿನವೇ ಹೀಗಾದರೆ ಅಕ್ಕನ ಗತಿ?

ದರ್ಜಿಯ ಮಗ ಮನೆಗೆ ಓಡಿ, ಉಪ್ಪುನೀರಿನಲ್ಲಿಟ್ಟ ಮಾವಿನಕಾಯಿಯ ಭರಣಿಯನ್ನೇ ಹೊತ್ತು ತಂದ. "ಮೊದಲು ಇದನ್ನು ಕೊಡುವ. ಆಮೇಲೆ ನೀರು ಕೊಡುವ" ಎಂದ. ಉಪಾಯ ಫಲಿಸಿತು. ಹಬ್ಬದ ದಿನ ಪುಕ್ಕಟೆ ಸಿಕ್ಕಿದ ಮಾವಿನಕಾಯಿಯನ್ನು ಬೇಡ ಎಂದವರಿಲ್ಲ. ಹತ್ತು ಹೆಜ್ಜೆ ಹೋಗಿ ಹಿಂದೆ ತಿರುಗದವರೂ ಇಲ್ಲ. ಕೊನೆಗೆ ಒಬ್ಬಾಕೆ ಮುದುಕಿ ಗಂಟಲು ಹಿಡಿದುಕೊಂಡು ನಮ್ಮ ಅಂಗಳಕ್ಕೇ ನುಗ್ಗಿ ಬೈದಳು. ಅಜ್ಜಿ ಓಡಿ ಬಂದರು. ಭರಣಿ ನೋಡಿದರು. ಹಣೆ ಬಡಿದುಕೊಂಡರು.

"ಬಾಯಾರಿದವರಿಗೆ ನೀರು ಕೊಡಿ ಅಂದರೆ, ನೀವು ಬಾಯಾರಿಕೆಯನ್ನೂ ಮನೆಯಿಂದಲೇ ತಂದು ಕೊಡ್ತೀರಲ್ಲ!"

ಕೇಳಿದ್ದು, ಕೇಳದೆ ಹೋದದ್ದು

ಎರಡನೇ ವಾರ ಒಬ್ಬರು ಹಿರಿಯರು ಬಂದರು. ಹೆಗಲ ಮೇಲೆ ಮಡಿಬಟ್ಟೆಯ ಗಂಟು, ಕೈಯಲ್ಲಿ ಓಲೆಕೊಡೆ. ನಾನು ಲೋಟ ಚಾಚಿದೆ. ಅವರು ಕೈ ಹಿಂದಕ್ಕೆ ತೆಗೆದುಕೊಂಡು, "ನೀರು ಸೇದಿದ್ದು ಯಾರು?" ಎಂದು ಕೇಳಿದರು.

ಹರಕೆಯ ಜಾಗದಲ್ಲಿ ನಿಂತು ಸುಳ್ಳು ಹೇಳುವುದು ಹೇಗೆ? "ಇವ" ಎಂದು ದರ್ಜಿಯ ಮಗನನ್ನು ತೋರಿಸಿದೆ.

"ಇವ ಯಾರ ಪೈಕಿ?"

"ನಾನು ಇಗರ್ಜಿಗೆ ಹೋಗುವವ ಅಜ್ಜ, ಕ್ರಿಸ್ತರ ಪೈಕಿ" ಎಂದು ಅವನೇ ಹೇಳಿದ.

ಹಿರಿಯರು ಕೊಡೆ ಮೇಲೆತ್ತಿ ಹೊರಟೇಬಿಟ್ಟರು. ಬಾಯಾರಿದವರೊಬ್ಬರು ಹಾಗೇ ಹೋಗುತ್ತಿದ್ದಾರೆ! ಹಿಂದೆಯೇ ಹೋಗಿ ಬೇಡಿಕೊಳ್ಳಲು ಧೈರ್ಯ ಸಾಲಲಿಲ್ಲ. ಎದುರಿಗೆ ಮರವೊಂದೂ ಇಲ್ಲದ ಏರುದಾರಿ, ನೆತ್ತಿಯ ಮೇಲೆ ಸೂರ್ಯ. ಏರಿನ ಅರ್ಧದವರೆಗೆ ಹೋದವರು ನಿಂತರು. ಬಹಳ ಹೊತ್ತು ನಿಂತರು. ಆಮೇಲೆ ಮೆಲ್ಲನೆ ತಿರುಗಿ ಬಂದು, ನಮ್ಮ ಮುಖ ನೋಡದೆ ಕೈ ಚಾಚಿ ಹೇಳಿದರು:

"ನಾನು ಈಗ ಬಂದದ್ದು. ಮೊದಲು ಬಂದವ ಬೇರೆ. ನಾನು ಏನೂ ಕೇಳುವುದಿಲ್ಲ, ನೀವು ಏನೂ ಹೇಳಬೇಡಿ."

ಮೂರು ಲೋಟ ಕುಡಿದರು.

ಕೋಣದ ಪಾಲು

ಆ ದಾರಿಯಲ್ಲಿ ದಿನವೂ ಹೋಗುವವನೊಬ್ಬನಿದ್ದ, ಕೋಣಗಳ ದಲ್ಲಾಳಿ. ಅವನಿಗೆ ನೀರಿನ ಮೇಲೆ ಅಂಥ ಪ್ರೀತಿಯಿಲ್ಲ. ಒಂದು ಗುಟುಕು ಕುಡಿಯುವ ಶಾಸ್ತ್ರ ಮಾಡಿ ಬೆಲ್ಲಕ್ಕೆ ಕೈ ಹಾಕುವನು. ಒಂದು ಅಚ್ಚು ಬಾಯಿಗೆ, ಒಂದು ಸೊಂಟದ ಮುಂಡಿನ ಮಡಿಕೆಗೆ. "ಇದು ನನ್ನ ಪಾಲು, ಇದು ಕೋಣದ ಪಾಲು."

ಒಂದು ದಿನ ಮಾಸ್ಟ್ರ ಮಗ ಕೇಳಿದ: "ಇವತ್ತು ನಿಮ್ಮ ಜೊತೆ ಕೋಣ ಇಲ್ಲವಲ್ಲ ಮಾಮ?"

"ಕೊಳ್ಳಲಿಕ್ಕೇ ಹೋಗ್ತಾ ಇದ್ದೇನೆ ಮಾರಾಯ."

ಮರುದಿನವೂ ಕೋಣವಿಲ್ಲದೆ ಬಂದ. "ನಿನ್ನೆ ಕೊಂಡ ಕೋಣ ಎಲ್ಲಿ ಮಾಮ?"

"ಮಾರಿ ಆಯ್ತು. ಅದರ ಪಾಲು ಬಾಕಿ ಉಂಟು."

ಅದೇ ವಾರ ಅಜ್ಜಿ ತವರಿನಿಂದ ತಂದಿದ್ದ, ನಾವು ನೀರು ಕೊಡುತ್ತಿದ್ದ ಹಿತ್ತಾಳೆಯ ಲೋಟ ಕಾಣೆಯಾಯಿತು. ನಾವೇ ಆಡಲು ಒಯ್ದು ಕಳೆದೆವೆಂದು ಅಜ್ಜಿ ಎರಡು ದಿನ ನಮ್ಮೊಡನೆ ಮಾತು ಬಿಟ್ಟರು. ಅಂದಿನಿಂದ ನಾವು ತೆಂಗಿನ ಗೆರಟೆಯಲ್ಲಿ ನೀರು ಕೊಡತೊಡಗಿದೆವು. ಗೆರಟೆಯನ್ನು ಕಂಡು ಬಹಳ ಮರುಗಿದವನೆಂದರೆ ದಲ್ಲಾಳಿ. "ಛೆ ಛೆ, ಎಂಥ ಚಂದದ ಲೋಟ! ಈಗಿನ ಕಾಲದಲ್ಲಿ ಯಾರನ್ನೂ ನಂಬುವ ಹಾಗಿಲ್ಲ ಮಕ್ಕಳೇ."

ಬಾಯಾರಿದ ಬಸ್ಸು

ಹೀಗೆ ಮೂವತ್ತೊಂಬತ್ತು ದಿನ ಕಳೆದು ಪತ್ತನಾಜೆ ಬಂತು. ಆ ದಿನ ಹತ್ತು ಹನಿಯಾದರೂ ಮಳೆ ಬೀಳಬೇಕೆಂದು ನಮ್ಮ ಕಡೆಯ ಮಾತು. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಬಾವಿ ತಳ ಕಂಡಿತ್ತು. ಬೆಳಗಿನ ಜಾವ ಒಸರಿದ್ದನ್ನು ಸೇದಿದರೆ ಮತ್ತೆ ಸಂಜೆಯವರೆಗೆ ಕೆಸರು. ಅದೇ ಬೆಳಿಗ್ಗೆ ಅಕ್ಕನಿಗೆ ನೋವು ಶುರುವಾಯಿತು. ಸೂಲಗಿತ್ತಿ ಬಂದಳು. ಮನೆಯೊಳಗಿನ ನೀರೆಲ್ಲ ಬಾಣಂತಿಕೋಣೆಗೆಂದು ಒಲೆ ಏರಿತು. ನಮ್ಮ ಪಾಲಿಗೆ ಉಳಿದದ್ದು ಮಡಕೆಯ ನೀರು ಮತ್ತು ಎರಡು ಕೊಡಪಾನ.

ಹತ್ತು ಗಂಟೆಯ ಬಸ್ಸು ಸರಿಯಾಗಿ ಗೋಳಿಮರದ ಮುಂದೆ ಹೊಗೆ ಬಿಟ್ಟು ನಿಂತಿತು. ಇಳಿದವರೆಲ್ಲ ಕುಡಿದರು. ಕೊನೆಗೆ ಡ್ರೈವರು ಬಂದು ಎರಡೂ ಕೊಡಪಾನಕ್ಕೆ ಕೈ ಹಾಕಿದ.

"ಅದು ಮನುಷ್ಯರಿಗೆ!" ಎಂದು ನಾನು ಅಡ್ಡ ನಿಂತೆ.

"ನಿಮ್ಮ ಅಜ್ಜಿಯ ಹರಕೆ ಏನು? ಬಾಯಾರಿದವರು ಹಾಗೇ ಹೋಗಬಾರದು ಅಂತ ಅಲ್ವಾ? ಇದಕ್ಕಿಂತ ಹೆಚ್ಚು ಬಾಯಾರಿದವರನ್ನು ತೋರಿಸು ನೋಡುವ" ಎಂದು ಡ್ರೈವರು ಬಸ್ಸಿನ ಮುಸುಡಿ ತೋರಿಸಿದ. ಅದು ಬುಸುಗುಡುತ್ತಿತ್ತು.

ನಾನು ಮಾಸ್ಟ್ರ ಮಗನ ಮುಖ ನೋಡಿದೆ. ಅವನು ಯೋಚಿಸಿ ತೀರ್ಪು ಕೊಟ್ಟ: "ಹರಕೆಯಲ್ಲಿ ಮನುಷ್ಯರು ಅಂತ ಹೇಳಿಲ್ಲ." ಎರಡು ಕೊಡಪಾನವೂ ಬಸ್ಸಿನ ಹೊಟ್ಟೆಗೆ ಹೋಯಿತು.

ಬಸ್ಸು ಹೊರಡುವಾಗ ದರ್ಜಿಯ ಮಗ ಮರೆಯದೆ ಅದರ ಮುಂದಿನ ಚಕ್ರದ ಹತ್ತಿರ ಒಂದು ಅಚ್ಚು ಬೆಲ್ಲ ಇಟ್ಟ.

ಕೊನೆಯ ಗೆರಟೆ

ಮಧ್ಯಾಹ್ನದ ಹೊತ್ತಿಗೆ ಮಡಕೆಯಲ್ಲಿ ಒಂದೇ ಗೆರಟೆ ನೀರು ಉಳಿಯಿತು. ಮನೆಯಿಂದ ಅಕ್ಕನ ನರಳಾಟ ಕೇಳುತ್ತಿತ್ತು. ಮಾಸ್ಟ್ರ ಮಗ ಹೊಸ ನಿಯಮ ಹೇಳಿದ: "ಮಡಕೆ ಬರಿದಾದರೆ ಹರಕೆ ಮುರಿದ ಹಾಗೆ. ಸೂರ್ಯ ಮುಳುಗುವವರೆಗೆ ಇದನ್ನು ಉಳಿಸಬೇಕು." ನನಗೂ ಅದೇ ಸರಿಯೆನಿಸಿತು. ಎರಡೂ ಕೈಯಿಂದ ಮಡಕೆಯ ಬಾಯಿ ಮುಚ್ಚಿ ಕುಳಿತೆ.

ಆಗ ದಲ್ಲಾಳಿ ಬಂದ. ಆ ಒಂದು ದಿನ ಅವನು ಬೆಲ್ಲ ಕೇಳಲಿಲ್ಲ. "ನೀರು ಕೊಡು ಮಾರಾಯ, ಗಂಟಲು ಒಣಗಿಹೋಯ್ತು" ಎಂದ.

"ನೀರಿಲ್ಲ" ಎಂದೆ.

ಅವನು ಬೆಲ್ಲದ ಡಬ್ಬಿಯ ಕಡೆ ನೋಡಿದ, ನನ್ನ ಮುಖ ನೋಡಿದ, ತುಟಿ ನೆಕ್ಕಿಕೊಂಡು ಹೋದ. ಹೋಗುವಾಗ ಅಭ್ಯಾಸಬಲದಿಂದ ಕೈ ಒಮ್ಮೆ ಡಬ್ಬಿಗೆ ಹೋಗಿ ಬಂದದ್ದನ್ನು ನಾವು ನೋಡಿಯೂ ನೋಡದ ಹಾಗೆ ಇದ್ದೆವು.

ಅವನು ತಿರುವು ದಾಟುವಷ್ಟರಲ್ಲಿ ಅಜ್ಜಿ ಬಂದರು. ಗಟ್ಟಿಯಾಗಿ ದೇವರನ್ನು ಕರೆದು ಕರೆದು ಹೆರುವವಳನ್ನೇ ಹೆದರಿಸುತ್ತೀರೆಂದು ಸೂಲಗಿತ್ತಿ ಅವರನ್ನು ಹೊರಗೆ ಕಳಿಸಿದ್ದಳು.

"ಯಾರಾದರೂ ಹಾಗೇ ಹೋದರಾ?" ಎಂದು ಅಜ್ಜಿ ಕೇಳಿದರು.

ನಾನು ಹೆಮ್ಮೆಯಿಂದ ಮಡಕೆ ತೋರಿಸಿದೆ. "ಇಲ್ಲ ಅಜ್ಜಿ, ಮಡಕೆ ಬರಿದಾಗಲಿಕ್ಕೆ ಬಿಡಲಿಲ್ಲ. ದಲ್ಲಾಳಿ ಬಂದಿದ್ದ, ನೀರಿಲ್ಲ ಅಂತ ಕಳಿಸಿಬಿಟ್ಟೆ."

ಅಜ್ಜಿಯ ಮುಖ ಬಿಳಿಚಿತು. "ಅಯ್ಯೋ ಮಂಕುಗಳೇ! ಹರಕೆ ಮಡಕೆಯದ್ದಾ, ಬಾಯಿಯದ್ದಾ? ಓಡಿ! ಅವನ ಗಂಟಲಿಗೆ ಈ ನೀರು ಇಳಿಯದೆ ಒಳಗೆ ಹೆರಿಗೆ ಆಗಲಿಕ್ಕಿಲ್ಲ. ಓಡಿ!"

ನೀರನ್ನು ಚೊಂಬಿಗೆ ಹೊಯ್ದು, ಅಂಗೈಯಿಂದ ಮುಚ್ಚಿ ನಾನು ಓಡಿದೆ. ನನ್ನ ಮುಂದೆ ದರ್ಜಿಯ ಮಗ, ಹಿಂದೆ ಮಾಸ್ಟ್ರ ಮಗ. "ನಿಲ್ಲಿ! ಮಾಮ, ನಿಲ್ಲಿ!" ಎಂದು ಮೂವರೂ ಬೊಬ್ಬೆ.

ದಲ್ಲಾಳಿ ತಿರುಗಿ ನೋಡಿದ. ಮೂವರು ಹುಡುಗರು ಹುಚ್ಚು ಹಿಡಿದವರ ಹಾಗೆ ಬರುತ್ತಿದ್ದಾರೆ. ಮುಂಡು ಮೇಲೆತ್ತಿ ಕಟ್ಟಿ ಓಡಲಾರಂಭಿಸಿದ. ಓಡುತ್ತ ಸೊಂಟದ ಮಡಿಕೆಗೆ ಕೈ ಹಾಕಿ ಒಂದು ಅಚ್ಚು ಬೆಲ್ಲ ಹಿಂದಕ್ಕೆ ಎಸೆದ. ನಾವು ನಿಲ್ಲಲಿಲ್ಲ. ಇನ್ನೊಂದು ಎಸೆದ. ಮತ್ತೊಂದು. ಒಬ್ಬ ಮನುಷ್ಯನ ಸೊಂಟದಲ್ಲಿ ಅಷ್ಟು ಬೆಲ್ಲ ಹಿಡಿಯುತ್ತದೆಂದು ನಾನು ಕನಸಿನಲ್ಲಿಯೂ ಎಣಿಸಿರಲಿಲ್ಲ.

ಕೊನೆಗೆ ಅವನು ಗದ್ದೆಯ ಬದುವಿನ ಮೇಲೆ ಏದುಸಿರು ಬಿಡುತ್ತ ಕುಸಿದು, ಕೈ ಮುಗಿದ. "ಬೆಲ್ಲ ಇನ್ನಿಲ್ಲ, ಅಮ್ಮನವರಾಣೆ. ಬಿಟ್ಟುಬಿಡಿ!"

ನಾನು ಚೊಂಬು ಚಾಚಿದೆ. "ಕುಡಿಯಿರಿ ಮಾಮ!"

ಅವನು ಇನ್ನಷ್ಟು ಹೆದರಿದ. "ಇಲ್ಲ, ಇಲ್ಲ! ನೀರು ಕುಡಿಸಿ ಪ್ರಮಾಣ ಮಾಡಿಸ್ತೀರಾ? ಬೇಡ! ನಾನೇ ಹೇಳ್ತೇನೆ. ಲೋಟ ನನ್ನ ಮನೆಯಲ್ಲೇ ಉಂಟು. ಅಟ್ಟದಲ್ಲಿ ಉಂಟು. ಹೆಂಡತಿಗೆ ಸಂತೆಯಲ್ಲಿ ಕೊಂಡದ್ದು ಅಂತ ಹೇಳಿದ್ದೇನೆ!"

"ಲೋಟ ಹಾಳಾಗಲಿ, ನೀರು ಕುಡಿಯಿರಿ! ಅಲ್ಲಿ ನನ್ನ ಅಕ್ಕ ಹೆರಬೇಕು!" ಎಂದು ನಾನು ಅತ್ತೇಬಿಟ್ಟೆ.

ಅಕ್ಕ ಹೆರುವುದಕ್ಕೆ ತಾನು ಕುಡಿಯುವುದೇಕೆಂದು ಅವನಿಗೆ ತಿಳಿಯಲಿಲ್ಲ. ಆದರೂ ನನ್ನ ಅಳು ನೋಡಿ ಗಟಗಟನೆ ಕುಡಿದ. ನಾವು ಓಡಿ ಬಂದು "ಕುಡಿದ ಅಜ್ಜಿ, ಕುಡಿದ!" ಎಂದು ಕೂಗುವುದಕ್ಕೂ ಒಳಗಿನಿಂದ ಕೂಸಿನ ಅಳು ಕೇಳುವುದಕ್ಕೂ ಸರಿಹೋಯಿತು. ಅಜ್ಜಿ ಅಲ್ಲಿಯೇ ಪೊಳಲಿಯ ದಿಕ್ಕಿಗೆ ಅಡ್ಡಬಿದ್ದರು. ಸಂಜೆ ಹತ್ತು ಹನಿ ಮಳೆಯೂ ಬಿತ್ತು.

ತೊಟ್ಟಿಲು ಹಾಕುವ ದಿನ ದಲ್ಲಾಳಿ ತಾನಾಗಿಯೇ ಬಂದ, ಕೈಯಲ್ಲಿ ಹುಣಸೆ ಹಾಕಿ ಬೆಳಗಿದ ಲೋಟ. "ನಾನು ಕುಡಿದದ್ದಕ್ಕೇ ಹುಟ್ಟಿದ ಕೂಸು" ಎಂದು ಬಂದವರಿಗೆಲ್ಲ ಹೇಳಿಕೊಂಡು ತಿರುಗಿದ. ಅಜ್ಜಿ ಅದೇ ಲೋಟದ ತುಂಬ ಬೆಲ್ಲ ಹಾಕಿ, "ಬೆಲ್ಲ ನಿನಗೆ, ಲೋಟ ಇಲ್ಲೇ ಇಡು" ಎಂದು ಅವನ ಕೈಗೆ ಕೊಟ್ಟರು. ಉಂಡು, ಕೂಸನ್ನು ಹರಸಿ ಹೋದ.

ಆಮೇಲೆ ನೋಡಿದರೆ ಲೋಟ ಇಲ್ಲ. ಅವನು ಅಂಗಳ ದಾಟಿ, ಕೊಡೆ ಹಿಡಿದು ಬೇಗಬೇಗ ಇಳಿಯುತ್ತಿದ್ದ. ನಾವು ಮೂವರೂ ಎದ್ದೆವು. ಅಜ್ಜಿ ಕೈ ಅಡ್ಡ ಹಿಡಿದರು.

"ಈ ಸಲ ಓಡಿಸಬೇಡಿ ಮಕ್ಕಳೇ. ಮಳೆ ಬಂದು ದಾರಿ ಜಾರುತ್ತದೆ. ಪಾಪ, ಬಿದ್ದರೆ ಲೋಟ ಜಜ್ಜಿಹೋದೀತು."