ಬಣ್ಣ ಬಳಿಯದ ಅಂಗೈಯಗಲ ಗೋಡೆ

ಆಗಸ್ಟ್ ಹತ್ತು, ಭಾನುವಾರ. ಬೆಳಿಗ್ಗೆ ಆರೂ ನಲವತ್ತಕ್ಕೆ ಬರೆಯಲು ಕೂತಿದ್ದೇನೆ.

ನಿಮ್ಮ ಮನೆಯಲ್ಲಿ ಎಷ್ಟು ಜನ ಇದ್ದೀರಿ ಎಂದು ನನ್ನ ಸೋದರತ್ತೆಯನ್ನು ಮಾತ್ರ ಕೇಳಬೇಡಿ. ಬಚ್ಚಲಿನ ಜೇಡದಿಂದ ಎಣಿಸಲು ಶುರುಮಾಡುತ್ತಾರೆ! ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತರಾದವರು. ನಿವೃತ್ತಿ ಆದದ್ದು ಕಾಲೇಜಿನಿಂದ, ಪಾಠದಿಂದಲ್ಲ. ನನಗೋ ಬಿ.ಎಸ್ಸಿ.ಯ ಎಕಾಲಜಿ ಪರೀಕ್ಷೆ ಹತ್ತಿರ ಬಂದಿದೆ. ಹಾಗಾಗಿ ತ್ಯಾಗರಾಜನಗರದ ಅವರ ಬಾಡಿಗೆ ಮನೆ ಸೇರಿದ್ದೇನೆ.

ಮೊದಲ ಪಾಠ ಸೊಪ್ಪಿನ ಗಾಡಿಯ ಮುಂದೆ.

"ತೂತಿರೋ ಸೊಪ್ಪು ಕೊಡಮ್ಮ."

"ಅಯ್ಯೋ ಮೇಡಂ, ಅದನ್ನ ಹಸುಗೆ ಅಂತ ಎತ್ತಿಟ್ಟಿದ್ದೀನಿ!"

"ನಂಗೂ ಅದನ್ನೇ ಕೊಡು. ಹುಳಾನೇ ಮುಟ್ಟದ ಸೊಪ್ಪು ನಾನ್ಯಾಕೆ ತಿನ್ಲಿ?"

ಅಂದಿನ ಪಲ್ಯದಲ್ಲಿ ಸೊಪ್ಪಿಗಿಂತ ತೂತೇ ಹೆಚ್ಚಿತ್ತು.

ಎರಡನೆಯದು ಶಕ್ತಿಯ ಹರಿವು. ಹುಲ್ಲಿನಿಂದ ಮಿಡತೆಗೆ, ಮಿಡತೆಯಿಂದ ಕಪ್ಪೆಗೆ, ಪ್ರತಿ ಮೆಟ್ಟಿಲಲ್ಲೂ ಸುಮಾರು ಹತ್ತರಲ್ಲೊಂದು ಪಾಲು ಶಕ್ತಿ ಮಾತ್ರ ದಾಟುತ್ತದಂತೆ. ಅದನ್ನು ತೋರಿಸಲು ನನ್ನ ತಟ್ಟೆಯ ಹತ್ತು ಕೋಡುಬಳೆಯಲ್ಲಿ ಒಂಬತ್ತನ್ನು ಎತ್ತಿಕೊಂಡರು!

"ಉಳಿದದ್ದು ಎಲ್ಲಿ ಹೋಯ್ತು ಹೇಳು?"

"ನಿಮ್ಮ ಹೊಟ್ಟೆಗೆ, ಅತ್ತೆ."

"ತಪ್ಪು. ಶಾಖವಾಗಿ ಹೋಯ್ತು," ಎಂದರು, ಅಗಿಯುತ್ತಲೇ.

ಮೂರನೆಯದು ಆಹಾರ ಜಾಲ. ಬಚ್ಚಲಿನ ಜೇಡ ಒಂದು ಪತಂಗ ಹಿಡಿದಿತ್ತು. ಪಾಪ ಎಂದು ಬಿಡಿಸಲು ಹೋದೆ.

"ಕೈ ತೆಗಿ! ನೀನೇನು ಅಂಪೈರಾ? ಇಲ್ಲಿ ಪಕ್ಷಪಾತ ಮಾಡ್ಬಾರ್ದು. ಜೇಡಕ್ಕೂ ಹಸಿವಾಗತ್ತೆ ಕಣೆ."

ಇಷ್ಟು ಕಟ್ಟುನಿಟ್ಟಿನ ಅತ್ತೆಯ ಕುಂಡದ ಕರಿಬೇವಿಗೆ ಕಳೆದ ತಿಂಗಳು ಒಂದು ಹಸಿರು ಹುಳ ಬಂತು. ಗಿಡ ಬೋಳಾಯಿತು. ಅತ್ತೆ ಸದ್ದಿಲ್ಲದೆ ಒಗ್ಗರಣೆಗೆ ಅಂಗಡಿಯಿಂದ ಕರಿಬೇವು ತಂದರು. ತಿಂದು ದಪ್ಪಗಾದ ಹುಳ ಪಕ್ಕದ ಗೋಡೆ ಹತ್ತಿ ಕೋಶ ಕಟ್ಟಿಕೊಂಡಿತು. ಅದೇ ವಾರ ಮಹಡಿಯ ಮೇಲಿನ ಓನರ್ ಅಂಕಲ್, ಗೌರಿ ಹಬ್ಬ ಬಂತೆಂದು ಪೇಂಟರ್ ಕರೆಸಬೇಕೆ!

ಅತ್ತೆ ಗೋಡೆಗೆ ಅಡ್ಡ ನಿಂತರು. "ಒಳಗೆ ಚಿಟ್ಟೆ ತಯಾರಾಗ್ತಿದೆ. ಸುತ್ತ ಅಂಗೈಯಗಲ ಬಿಟ್ಟು ಬಳೀರಿ."

"ಏನ್ ಮೇಡಂ, ಗೋಡೆಗೆ ದೃಷ್ಟಿಬೊಟ್ಟು ಇಟ್ಟಂಗೆ ಕಾಣತ್ತೆ!" ಎಂದರು ಅಂಕಲ್.

"ಒಳ್ಳೇದೇ ಆಯ್ತಲ್ಲ, ನಿಮ್ಮನೆಗೆ ಯಾರ ಕಣ್ಣೂ ತಾಗಲ್ಲ."

ಚಿಟ್ಟೆ ಹಾರಿದ ಮೇಲೆ ಅಲ್ಲಿಗೂ ಬಣ್ಣ ಬಳಿಸುವುದೆಂದು ರಾಜಿಯಾಯಿತು.

ಅಂದಿನಿಂದ ಅತ್ತೆಯ ಕುರ್ಚಿ, ಕಾಫಿ, ಪೇಪರ್ ಎಲ್ಲವೂ ಆ ಗೋಡೆಯ ಎದುರಿಗೆ. ಹಕ್ಕಿಯೊಂದು ಹತ್ತಿರ ಬಂದರೆ ಚಪ್ಪಾಳೆ ತಟ್ಟುತ್ತಿದ್ದರು.

"ಅತ್ತೆ, ಇದು ಪಕ್ಷಪಾತ ಅಲ್ವಾ?"

"ಸುಮ್ನಿರೆ. ವ್ಯಾಯಾಮ ಮಾಡ್ತಿದ್ದೀನಿ."

ನಿನ್ನೆ ಬೆಳಿಗ್ಗೆ ಕೋಶದ ಬದಿಯಲ್ಲಿ ಸೂಜಿಮೊನೆಯಷ್ಟು ತೂತು ಕಂಡಿತು. ಅದರಿಂದ ಎಳ್ಳಿಗಿಂತ ಚಿಕ್ಕ ಕಣಜಗಳು ಒಂದರ ಹಿಂದೊಂದು ಹೊರಬಂದು ಹಾರಿಹೋದವು. ಚಿಟ್ಟೆ ಬರಲೇ ಇಲ್ಲ.

"ತಾಯಿ ಕಣಜ ಮೊದಲೇ ಒಳಗೆ ಮೊಟ್ಟೆ ಇಟ್ಟಿತ್ತು. ಮರಿಗಳು ಒಳಗಿಂದಲೇ ತಿಂದು ಬೆಳೆದಿವೆ. ಪರೀಕ್ಷೇಲಿ ಕೇಳ್ತಾರೆ, ಬರ್ಕೊ," ಎಂದರು ಅತ್ತೆ, ತರಗತಿಯ ದನಿಯಲ್ಲಿ. ಕಾಫಿ ಆರಿಹೋಗಿತ್ತು.

ಕಣಜಕ್ಕೂ ಹಸಿವಾಗತ್ತೆ ಅಲ್ವಾ ಎನ್ನಲು ಬಾಯಿ ತೆರೆದೆ. ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಿದ್ದರು. ಒರೆಸುತ್ತಲೇ ಇದ್ದರು.

"ಗೊತ್ತು ಕಣೆ. ಎಲ್ಲಾ ಗೊತ್ತು. ಆದ್ರೂ ಇವತ್ತೊಂದು ದಿನ ನಾನು ಚಿಟ್ಟೆ ಕಡೆ."

ಸಂಜೆ ಪೇಂಟರ್ ಬ್ರಷ್ ಹಿಡಿದು ಬಂದ. ಓನರ್ ಅಂಕಲ್ ಅತ್ತೆಯ ಮುಖ ನೋಡಿದರು, ಖಾಲಿ ಕೋಶ ನೋಡಿದರು, ಅವನನ್ನು ಹಾಗೆಯೇ ಕಳಿಸಿದರು. "ಇರ್ಲಿ ಬಿಡಿ ಮೇಡಂ, ದೃಷ್ಟಿಬೊಟ್ಟು."

ಇಂದು ಕರಿಬೇವು ಮತ್ತೆ ಚಿಗುರಿದೆ. ಕುರ್ಚಿಯೂ ಅಲ್ಲೇ ಇದೆ. ಇದೇ ಗಿಡಕ್ಕೆ ಇನ್ನೊಂದು ಚಿಟ್ಟೆ ಮೊಟ್ಟೆಯಿಡಲು ಬಂದೀತೇ? ತಿಳಿದವರು ದಯವಿಟ್ಟು ಬರೆಯಿರಿ. ಬರುವುದಿಲ್ಲ ಎಂದಾದರೆ ನನಗೆ ಬರೆಯಿರಿ. ಬರುತ್ತದೆ ಎಂದಾದರೆ, ನೇರ ಅತ್ತೆಗೇ ಬರೆಯಿರಿ.